ಕುದುರೆ ಏರಿ ಬಂದ ರೋಗಿ, ಡಾನ್ವಿಲ್ಲಿನ ಡಾಕ್ಟರು

1809ರ ಡಿಸೆಂಬರ್ 13ರಂದು ಅಮೆರಿಕದ ಕೆಂಟಕಿಯಲ್ಲಿ ಡಾಕ್ಟರ್ ಎಫ್ರಾಯಿಮ್ ಮೆಕ್‌ಡೊವೆಲ್ ಒಬ್ಬ ಹೆಂಗಸನ್ನು ನೋಡಲು ಹೋದರು. ಹೆಸರು ಜೇನ್ ಟಾಡ್ ಕ್ರಾಫರ್ಡ್. ವಯಸ್ಸು 46ರ ಹತ್ತಿರ, ಅಷ್ಟೊತ್ತಿಗಾಗಲೇ ಮಕ್ಕಳ ತಾಯಿ. ಹೊಟ್ಟೆ ವಿಪರೀತ ಊದಿತ್ತು. ಹೆರಿಗೆ ನೋವಿನಂಥದ್ದೇ ನೋವು. ದಿನ ತುಂಬಿದೆ, ಹೆರಿಗೆ ಆಗುತ್ತಿಲ್ಲ ಅಂತ ಅಲ್ಲಿನ ಇಬ್ಬರು ವೈದ್ಯರು ಕೈಚೆಲ್ಲಿದ್ದರು. ಮೆಕ್‌ಡೊವೆಲ್ ಪರೀಕ್ಷೆ ಮಾಡಿ ನೋಡಿದರೆ ಗರ್ಭಕೋಶದಲ್ಲಿ ಏನೂ ಇಲ್ಲ! ಬೆಳೆದಿದ್ದು ಮಗುವಲ್ಲ, ಅಂಡಾಶಯದ ಗಡ್ಡೆ.

ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹೊಟ್ಟೆ ಕೊಯ್ದು ಗಡ್ಡೆ ತೆಗೆದರೆ ಸಾವು ಖಂಡಿತ ಅಂತ ಬ್ರಿಟನ್ನಿನ ದೊಡ್ಡ ದೊಡ್ಡ ಸರ್ಜನ್ನರೆಲ್ಲ ಪಾಠ ಮಾಡುತ್ತಾರೆ. ನೀವು ಸಾಯುವುದಕ್ಕೂ ತಯಾರಿದ್ದರೆ ನಾನು ತೆಗೆಯುತ್ತೇನೆ. ಆದರೆ ಡಾನ್ವಿಲ್ಲಿನ ನನ್ನ ಮನೆಗೇ ಬರಬೇಕು. ದೂರ ಸುಮಾರು 100 ಕಿಲೋಮೀಟರ್. ಚಳಿಗಾಲ ಬೇರೆ. ಕೆಲವೇ ದಿನಗಳಲ್ಲಿ ಆಕೆ ಕುದುರೆ ಮೇಲೆ ಕೂತು ಬಂದೇಬಿಟ್ಟರು. ದಾರಿಯುದ್ದಕ್ಕೂ ಜೀನಿನ ಮುಂದಿನ ಗುಬುಟಿನ ಮೇಲೆ ಹೊಟ್ಟೆಯ ಭಾರ ಬಿದ್ದು ಅಲ್ಲಿ ಚರ್ಮ ಕಂದಿಹೋಗಿತ್ತು.

ಈ ಡಾಕ್ಟರಿಗೆ ಡಿಗ್ರಿ ಇರಲಿಲ್ಲ. ಆ ಕಾಲದಲ್ಲಿ ಅದೇನೂ ವಿಶೇಷವಲ್ಲ ಬಿಡಿ. ಹುಟ್ಟಿದ್ದು 1771ರಲ್ಲಿ, ವರ್ಜೀನಿಯಾದಲ್ಲಿ. ಹುಡುಗನಾಗಿದ್ದಾಗಲೇ ಮನೆಯವರು ಬೆಟ್ಟ ದಾಟಿ ಡಾನ್ವಿಲ್ಲಿಗೆ ಬಂದು ನೆಲೆಸಿದರು. ಆಮೇಲೆ ವರ್ಜೀನಿಯಾದ ಸ್ಟಾಂಟನ್‌ನಲ್ಲಿ ಒಬ್ಬ ವೈದ್ಯರ ಕೈಕೆಳಗೆ ಕೆಲಸ ಕಲಿತರು. 1793ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊಗೆ ಹೋಗಿ ಜಾನ್ ಬೆಲ್ ಎಂಬ ಹೆಸರಾಂತ ಸರ್ಜನ್ ಹತ್ತಿರ ಖಾಸಗಿಯಾಗಿ ಪಾಠ ಹೇಳಿಸಿಕೊಂಡರು. ಡಿಗ್ರಿ ಪಡೆಯದೇ ಊರಿಗೆ ವಾಪಸಾದರು. ಮನೆತನ ಮಾತ್ರ ದೊಡ್ಡದು. ಅಪ್ಪ ಸ್ಯಾಮ್ಯುಯೆಲ್ ಜಡ್ಜ್ ಆಗಿದ್ದವರು. 1802ರಲ್ಲಿ ಮದುವೆಯಾದ ಸಾರಾ, ಕೆಂಟಕಿಯ ಮೊದಲ ಗವರ್ನರ್ ಐಸಾಕ್ ಶೆಲ್ಬಿಯವರ ಮಗಳು. ಜೊತೆಗೆ ಕೆಲಸ ಮಾಡುತ್ತಿದ್ದ ಜೇಮ್ಸ್, ಸ್ವಂತ ಅಣ್ಣತಮ್ಮಂದಿರ ಕಡೆಯ ಹುಡುಗ. ರೋಗಿ ಮೇಜಿನ ಮೇಲೇ ಸತ್ತಿದ್ದರೆ ಬೇರೆ ಡಾಕ್ಟರಾದರೆ ಊರು ಬಿಡಬೇಕಾಗುತ್ತಿತ್ತೇನೋ. ಇಂಥ ಕುಟುಂಬ ಬೆನ್ನಿಗಿದ್ದದ್ದೂ ಅವರ ಧೈರ್ಯಕ್ಕೆ ಒಂದು ಕಾರಣ ಅಂತ ನನಗನ್ನಿಸುತ್ತದೆ.

ಈಗ ಆಪರೇಷನ್ ನೋಡೋಣ. ಅರಿವಳಿಕೆ ಇಲ್ಲ. ಈಥರ್ ಕೊಟ್ಟು ಆಪರೇಷನ್ ಮಾಡಬಹುದು ಅಂತ ಬಾಸ್ಟನ್ನಿನಲ್ಲಿ ಎಲ್ಲರೆದುರು ತೋರಿಸಿದ್ದು 1846ರಲ್ಲಿ. ಅದಕ್ಕಿನ್ನೂ 37 ವರ್ಷ ಇತ್ತು. ಜೇನ್ ಬೈಬಲ್ಲಿನ ಕೀರ್ತನೆಗಳನ್ನು ಹೇಳಿಕೊಳ್ಳುತ್ತಾ ಮಲಗಿದ್ದರು ಅನ್ನುತ್ತಾರೆ. ಎಡಗಡೆ ಒಂಬತ್ತು ಇಂಚು ಉದ್ದ ಕೊಯ್ದದ್ದೇ ತಡ, ಕರುಳು ಹೊರಗೆ ನುಗ್ಗಿ ಮೇಜಿನ ಮೇಲೆ ಬಿತ್ತು. ಒಳಗೆಲ್ಲ ಗಡ್ಡೆಯೇ ತುಂಬಿಕೊಂಡಿದ್ದರಿಂದ ಅದನ್ನು ಮತ್ತೆ ಒಳಗೆ ತಳ್ಳಲು ಜಾಗವೇ ಇರಲಿಲ್ಲ. ಗಡ್ಡೆ ಇಡಿಯಾಗಿ ಹೊರಗೆ ಬರುವಷ್ಟು ಸಣ್ಣದಲ್ಲ. ಮೊದಲು ಅಂಡಾಶಯದ ಕಡೆಯಿಂದ ಬರುವ ನಳಿಕೆಗೆ ಗರ್ಭಕೋಶದ ಹತ್ತಿರ ಗಟ್ಟಿ ದಾರ ಬಿಗಿದರು. ಆಮೇಲೆ ಗಡ್ಡೆಯನ್ನು ಸೀಳಿದರು. ಸುಮಾರು 7 ಕಿಲೋ ಕೊಳಕು ಲೋಳೆ ಹೊರಬಂತು. ಕೊನೆಗೆ ಖಾಲಿ ಚೀಲವನ್ನು ಕತ್ತರಿಸಿ ತೆಗೆದರು. ಅದೇ 3 ಕಿಲೋಗಿಂತ ಜಾಸ್ತಿ. ಜೇನ್ ಅವರನ್ನು ಎಡಮಗ್ಗುಲಿಗೆ ಹೊರಳಿಸಿ ಒಳಗೆ ನಿಂತ ರಕ್ತ ಹರಿದುಹೋಗಲು ಬಿಟ್ಟು, ಹೊಲಿಗೆ ಹಾಕಿದರು. ಎರಡೆರಡು ಹೊಲಿಗೆಗಳ ನಡುವೆ ಅಂಟುಪಟ್ಟಿ. ಎಲ್ಲ ಸೇರಿ ಸುಮಾರು 25 ನಿಮಿಷ.

ಐದನೇ ದಿನ ನೋಡಲು ಹೋದರೆ ಆಕೆ ಎದ್ದು ತನ್ನ ಹಾಸಿಗೆ ತಾನೇ ಸರಿಮಾಡುತ್ತಿದ್ದರು. 25 ದಿನಕ್ಕೆ ಊರಿಗೆ ಹೊರಟರು. ತೀರಿಕೊಂಡದ್ದು 1842ರಲ್ಲಿ, 78ನೇ ವಯಸ್ಸಿನಲ್ಲಿ.

ಅಷ್ಟು ಲೋಳೆ ಎಲ್ಲಿಂದ ಬಂತು? ಅಂಡಾಶಯದ ಕೆಲವು ಗಡ್ಡೆಗಳು ಮುಚ್ಚಿದ ಚೀಲದ ಹಾಗಿರುತ್ತವೆ. ಒಳಮೈಯ ಕೋಶಗಳು ಲೋಳೆ ಒಸರುತ್ತಲೇ ಇರುತ್ತವೆ, ಹೊರಗೆ ಹೋಗಲು ದಾರಿ ಇಲ್ಲ. ಹಾಗಾಗಿ ಚೀಲ ಹಿಗ್ಗುತ್ತಾ ಹೋಗುತ್ತದೆ. ಎಷ್ಟೋ ಸಲ ಇವು ಕ್ಯಾನ್ಸರ್ ಆಗಿರುವುದಿಲ್ಲ, ಪೂರ್ತಿ ತೆಗೆದರೆ ಮುಗೀತು. ಆದರೂ ಸರ್ಜನ್ನರು ಹೆದರುತ್ತಿದ್ದರು, ಆ ಹೆದರಿಕೆ ಸುಮ್ನೆ ಅಲ್ಲ. ಹೊಟ್ಟೆಯ ಒಳಗೋಡೆಗೂ ಕರುಳಿಗೂ ಹೊದಿಕೆಯಾಗಿ ತೆಳುವಾದ ಪೊರೆ ಇದೆ. ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ನಮ್ಮ ಚರ್ಮದಷ್ಟೇ ಅಗಲ. ಅಲ್ಲಿಗೆ ರೋಗಾಣು ಹೊಕ್ಕು ಹಬ್ಬಿದರೆ ಆಗಿನ ಕಾಲದಲ್ಲಿ ಉಳಿಯುವುದು ಕಷ್ಟ.

ಜೇನ್ ಉಳಿದದ್ದರಲ್ಲಿ ಅದೃಷ್ಟವೂ ಇದೆ. ಆದರೆ ಊರಿನ ಮನೆ ಆದದ್ದೇ ಒಳ್ಳೆಯದಾಯಿತು ಅಂತ ನನ್ನ ಲೆಕ್ಕ. ಆಗಿನ ದೊಡ್ಡ ಆಸ್ಪತ್ರೆಗಳಲ್ಲಿ ಹೆಣ ಕೊಯ್ದ ಕೈಯಲ್ಲೇ ರೋಗಿಯನ್ನು ಮುಟ್ಟುತ್ತಿದ್ದರು, ಒಬ್ಬರ ಗಾಯದ ಕೀವು ಇನ್ನೊಬ್ಬರಿಗೆ ತಗಲುತ್ತಿತ್ತು. ಇಲ್ಲಿ ಇದ್ದದ್ದು ಒಬ್ಬರೇ ರೋಗಿ. ಒಳಗೆ ರಕ್ತ ನಿಲ್ಲದ ಹಾಗೆ ನೋಡಿಕೊಂಡದ್ದೂ ಉಪಕಾರಕ್ಕೆ ಬಂದಿರಬೇಕು, ಯಾಕೆಂದರೆ ನಿಂತ ರಕ್ತದಲ್ಲಿ ರೋಗಾಣು ಚೆನ್ನಾಗಿ ಬೆಳೆಯುತ್ತವೆ. ಇದೆಲ್ಲ ಮೆಕ್‌ಡೊವೆಲ್‌ಗೆ ಗೊತ್ತಿರಲು ಸಾಧ್ಯವೇ ಇಲ್ಲ. ಬ್ರಿಟನ್ನಿನ ಸರ್ಜನ್ ಲಿಸ್ಟರ್ ತಮ್ಮ ರೋಗಾಣುನಾಶಕ ವಿಧಾನವನ್ನು ಪ್ರಕಟಿಸಿದ್ದು 1867ರಲ್ಲಿ. ಆಪರೇಷನ್ ದಿನ, ರೋಗಿ ಸತ್ತರೆ ಡಾಕ್ಟರನ್ನು ಗಲ್ಲಿಗೇರಿಸಲು ಜನ ನೇಣಿನ ಹಗ್ಗ ಹಿಡಿದು ಮನೆ ಮುಂದೆ ಕಾದಿದ್ದರು ಅಂತ ಒಂದು ಕಥೆ ಓಡಾಡುತ್ತದೆ. ಡಾಕ್ಟರರ ವರದಿಯಲ್ಲಿ ಅದರ ಸುಳಿವೇ ಇಲ್ಲ, ನಾನಂತೂ ನಂಬುವುದಿಲ್ಲ.

ವರದಿ ಬರೆಯುವುದಕ್ಕೂ ಅವರಿಗೆ ಅವಸರವಿರಲಿಲ್ಲ. ಈ ನಡುವೆ 1812ರಲ್ಲಿ 17ರ ಹತ್ತಿರದ ಒಬ್ಬ ಹುಡುಗನ ಮೂತ್ರಕೋಶದ ಕಲ್ಲು ತೆಗೆದರು. ಆ ಹುಡುಗ ಜೇಮ್ಸ್ ಪೋಲ್ಕ್ ಮುಂದೆ ಅಮೆರಿಕದ ಅಧ್ಯಕ್ಷನಾದ. ಗಡ್ಡೆಯ ಮೂರು ಪ್ರಕರಣಗಳನ್ನು ಫಿಲಡೆಲ್ಫಿಯಾದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ್ದು 1817ರಲ್ಲಿ. ಜೇನ್ ಬಿಟ್ಟರೆ ಉಳಿದಿಬ್ಬರು ಕಪ್ಪು ಹೆಂಗಸರು. ಗುಲಾಮಗಿರಿ ಇದ್ದ ಕೆಂಟಕಿಯಲ್ಲಿ ಅವರನ್ನು ಯಾರಾದರೂ ಒಪ್ಪಿಗೆ ಕೇಳಿದ್ದರಾ? ವರದಿಯಲ್ಲಿ ಅವರ ಹೆಸರೂ ಇಲ್ಲ. ವಿವರ ತೀರಾ ಕಡಿಮೆ ಅಂತ ವೈದ್ಯರೇ ಅನುಮಾನಪಟ್ಟರು. ಲಂಡನ್ನಿನ ಒಂದು ವೈದ್ಯಕೀಯ ಪತ್ರಿಕೆಯ ಸಂಪಾದಕ ಜೇಮ್ಸ್ ಜಾನ್ಸನ್ ಅಂತೂ ನಂಬಲೇ ಇಲ್ಲ. ಅದೇ ಜಾನ್ಸನ್ 1827ರಲ್ಲಿ, ಅಮೆರಿಕದ ಒಂದು ಮೂಲೆ ಊರು ಇಡೀ ಯುರೋಪಿನ ಸರ್ಜನ್ನರನ್ನು ಸೋಲಿಸಿದೆ ಅಂತ ಒಪ್ಪಿಕೊಂಡು, ದೇವರಲ್ಲೂ ಡಾನ್ವಿಲ್ಲಿನ ಡಾಕ್ಟರಲ್ಲೂ ಅಚ್ಚಿನಲ್ಲೇ ಕ್ಷಮೆ ಕೇಳಿದ. ಅದಕ್ಕೆ ಎರಡು ವರ್ಷ ಮುಂಚೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಮೆಕ್‌ಡೊವೆಲ್‌ಗೆ ಗೌರವ ಎಂಡಿ ಪದವಿ ಕೊಟ್ಟಿತ್ತು.

1830ರ ಜೂನ್‌ನಲ್ಲಿ ಅವರಿಗೂ ಹೊಟ್ಟೆನೋವು ಬಂತು. ಬಹುಶಃ ಅಪೆಂಡಿಕ್ಸ್ ಒಡೆದಿತ್ತು. ಕೊಯ್ದು ತೆಗೆಯುವವರು ಅಲ್ಲಿ ಯಾರೂ ಇರಲಿಲ್ಲ, ಅಂಥ ಆಪರೇಷನ್ ರೂಢಿಗೆ ಬರಲು ಇನ್ನೂ ಅರ್ಧ ಶತಮಾನ ಬೇಕಿತ್ತು. 58ನೇ ವಯಸ್ಸಿಗೇ ತೀರಿಕೊಂಡ ಅವರನ್ನು ಮಾವನ ಮನೆಯವರ ಜಮೀನಿನಲ್ಲಿ ಮಣ್ಣು ಮಾಡಿದರು. 1879ರಲ್ಲಿ ಕೆಂಟಕಿಯ ವೈದ್ಯರು ಅವರ ಸಮಾಧಿಯನ್ನು ಡಾನ್ವಿಲ್ಲಿಗೇ ತಂದರು. ಅವರ ಮನೆ, ಪಕ್ಕದ ಔಷಧಿ ಅಂಗಡಿ ಎರಡೂ ಈಗ ಮ್ಯೂಸಿಯಂ.