ಜ್ವರ ಬಿಟ್ಟ ದಿನವೇ ಎಚ್ಚರ

ಥರ್ಮಾಮೀಟರ್ 103 ತೋರಿಸಿದರೆ ನಡುರಾತ್ರಿಯೇ ಎಮರ್ಜೆನ್ಸಿಗೆ ಓಡುತ್ತೇವೆ. ನಾಲ್ಕನೇ ದಿನ ಜ್ವರ ಬಿಟ್ಟರೆ ಗುಣವಾಯಿತೆಂದು ಮನೆಯಲ್ಲೇ ಉಳಿಯುತ್ತೇವೆ. ಡೆಂಗಿಯ ಮಟ್ಟಿಗೆ ಇದು ತಲೆಕೆಳಗಾದ ಲೆಕ್ಕ.

ದೊಡ್ಡವರಿಗೆ 103 ಡಿಗ್ರಿ ಇದ್ದು ಮೈಕೈ, ಕಣ್ಣಗುಡ್ಡೆ ನೋಯುತ್ತಿದ್ದರೂ ನೀರು ಕುಡಿಯುತ್ತಿದ್ದಾರೆ, ಮಾತು ಸರಿಯಿದೆ, ಮೂತ್ರ ಹೋಗುತ್ತಿದೆ ಎಂದಾದರೆ ಬೆಳಿಗ್ಗೆ ಮಾಮೂಲಿ ಡಾಕ್ಟರ ಬಳಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಹೋದರೆ ಸಾಕು. ಅಲ್ಲಿಯವರೆಗೆ ಪ್ಯಾರಾಸಿಟಮಾಲ್: ದೊಡ್ಡವರಿಗೆ 500 ಅಥವಾ 650 ಮಿ.ಗ್ರಾಂ, ಮಕ್ಕಳಿಗೆ ಕೆ.ಜಿ.ಗೆ 15 ಮಿ.ಗ್ರಾಂ. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರಬಾರದು. ಎಡವಟ್ಟಾಗುವುದು ಸಿರಪ್ಪಿನಲ್ಲಿ. 10 ಕೆ.ಜಿ. ಮಗುವಿಗೆ ಬೇಕಾದ 150 ಮಿ.ಗ್ರಾಂ, 5 ಮಿ.ಲೀ.ಗೆ 125 ಮಿ.ಗ್ರಾಂ ಇರುವ ಬಾಟಲಿಯಾದರೆ 6 ಮಿ.ಲೀ., 250 ಇರುವುದಾದರೆ ಬರೀ 3 ಮಿ.ಲೀ. ಮೆಡಿಕಲ್ ಶಾಪಿನವರು ಮೈಕೈ ನೋವಿಗೆಂದು ಕೊಡುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬೇಡ; ಡೆಂಗಿಯಾಗಿದ್ದರೆ ಅವು ರಕ್ತಸ್ರಾವಕ್ಕೆ ದಾರಿ ಮಾಡುತ್ತವೆ.

ಅಪಾಯದ ಗಳಿಗೆ ಬರುವುದು ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೆ. ಆಗ ರಕ್ತನಾಳಗಳಿಂದ ದ್ರವ ಹೊಟ್ಟೆಗೆ, ಎದೆಗೂಡಿಗೆ ಸೋರತೊಡಗುತ್ತದೆ. ರಕ್ತ ಗಟ್ಟಿಯಾಗಿ ಬಿಪಿ ಕುಸಿಯುತ್ತದೆ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಮೂಗು ಅಥವಾ ಒಸಡಿನಲ್ಲಿ ರಕ್ತ, ಕಪ್ಪು ಮಲ, ತಣ್ಣಗಾದ ಕೈಕಾಲು, ವಿಪರೀತ ಮಂಪರು ಅಥವಾ ಚಡಪಡಿಕೆ, ಆರು ಗಂಟೆಯಾದರೂ ಮೂತ್ರವಿಲ್ಲ: ಇವುಗಳಲ್ಲಿ ಒಂದೇ ಒಂದು ಕಂಡರೂ ಕ್ಲಿನಿಕ್ ತೆರೆಯುವವರೆಗೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ. ಗರ್ಭಿಣಿಯರ ವಿಷಯದಲ್ಲಂತೂ ಇನ್ನೂ ಬೇಗ.

ಡೆಂಗಿಯಲ್ಲದೆಯೂ ಕಾಯಬಾರದ ಜ್ವರಗಳಿವೆ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಬಂದರೆ ಅಷ್ಟೇ ಸಾಕು, ಆಸ್ಪತ್ರೆಗೆ. ಕುತ್ತಿಗೆ ಬಗ್ಗಿಸಲಾಗದಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ, ಮಾತು ಅಸಂಬದ್ಧವಾದರೂ ಹಾಗೆಯೇ. ಜ್ವರಕ್ಕೆ ಮಗುವಿಗೆ ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108. ಬಾಯಿಗೆ ಚಮಚ, ಕೈಗೆ ಬೀಗದ ಕೈ ಎರಡೂ ಬೇಡ. ಫಿಟ್ಸ್ ತಾನಾಗಿ ನಿಂತರೂ, ಮೊದಲ ಸಲ ಬಂದದ್ದಾದರೆ ಆಸ್ಪತ್ರೆಗೆ ತೋರಿಸಲೇಬೇಕು.

ಇನ್ನು ಪ್ಲೇಟ್‌ಲೆಟ್. 80 ಸಾವಿರಕ್ಕೆ ಇಳಿಯಿತೆಂದು ಪರಂಗಿ ಎಲೆ ಅರೆಯುತ್ತಾ ಕೂರುವ ಮನೆಗಳಲ್ಲಿ, ಅದೇ ರಿಪೋರ್ಟಿನ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) ಸಾಲನ್ನು ಯಾರೂ ಓದುವುದಿಲ್ಲ. ರಕ್ತಸ್ರಾವವಿಲ್ಲದಿದ್ದರೆ 10 ಸಾವಿರಕ್ಕಿಂತ ಕೆಳಗಿಳಿಯುವವರೆಗೆ ಪ್ಲೇಟ್‌ಲೆಟ್ ಹೊರಗಿನಿಂದ ಏರಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಸೋರಿಕೆಯ ಸುಳಿವು ಕೊಡುವುದು ಪಿಸಿವಿ: 36 ಇದ್ದದ್ದು 44 ಆದರೆ ಶೇ. 20ಕ್ಕಿಂತ ಹೆಚ್ಚು ಏರಿದಂತೆ. ಆದರೆ ಮೊದಲು ಎಷ್ಟಿತ್ತೆಂದು ಗೊತ್ತಿರಬೇಕಲ್ಲ! ಕ್ಲಿನಿಕ್ಕಿನಲ್ಲಿ ಆರಂಭದಲ್ಲೇ ಮಾಡಿಸಿದ ಸಿಬಿಸಿ (ರಕ್ತಕಣಗಳ ಎಣಿಕೆಯ ಪರೀಕ್ಷೆ) ಬೆಲೆಬಾಳುವುದು ಇದಕ್ಕೇ. ಎಮರ್ಜೆನ್ಸಿಗೆ ಹೊರಟಾಗ ಆ ಚೀಟಿ, ಜ್ವರ ಶುರುವಾದ ದಿನ, ಕೊನೆಯ ಮಾತ್ರೆ ನುಂಗಿದ ಹೊತ್ತು, ಕೊನೆಯ ಸಲ ಮೂತ್ರ ಹೋದ ಹೊತ್ತು ಬರೆದುಕೊಂಡು ಹೋಗಿ.