ಒಲೆ ದೊಡ್ಡದಾದರೆ ಸಾಲದು, ಉಗ್ರಾಣ ಹತ್ತಿರವಿರಬೇಕು

ಅಕ್ಕನ ಮನೆಯಲ್ಲಿ ಈಗ ಟಿವಿ ಕೆಳಗೆ ಎರಡು ಗೇಮಿಂಗ್ ಕನ್ಸೋಲ್‌ಗಳಿವೆ. ಹಳೆಯದು ಪ್ಲೇಸ್ಟೇಷನ್ 4, ಹೊಸದು ಪ್ಲೇಸ್ಟೇಷನ್ 5. "ಮಾಮ, ಅದು 1.84 ಟೆರಾಫ್ಲಾಪ್, ಇದು 10.28!" ಎಂದು ಸೋದರಳಿಯ ನಾನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ. ಕನ್ಸೋಲ್ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡಬಲ್ಲದು ಎಂಬುದರ ಅಳತೆ ಅದು. ಅಂಕಿಗಳೇನೋ ಸರಿ. ಆದರೆ ಅದನ್ನೇ ಹಿಡಿದುಕೊಂಡು ಹೊಸದು ಐದೂವರೆ ಪಟ್ಟು ಮೇಲು ಎಂದುಕೊಳ್ಳುವುದು ತಪ್ಪು. ಅಲ್ಲೇ ಹಾಲ್‌ನಲ್ಲಿ ಪರೀಕ್ಷೆ ಮಾಡಿ ನೋಡಿದೆವು.

ಅವರ ಟಿವಿ 43 ಇಂಚಿನದು, ಸೋಫಾ ಅದರಿಂದ 8 ಅಡಿ ದೂರ. ಹುಡುಗನನ್ನು ಅಡುಗೆಮನೆಗೆ ಕಳಿಸಿ, ಹೊಸ ಕನ್ಸೋಲ್‌ನ ಚಿತ್ರವನ್ನು ಒಮ್ಮೆ ಹೆಚ್ಚು ಚುಕ್ಕೆಗಳ 4ಕೆಗೆ, ಒಮ್ಮೆ ಕಡಿಮೆ ಚುಕ್ಕೆಗಳ 1080ಪಿಗೆ ಬದಲಿಸಿ, "ಈಗ ಬಂದು ಕೂತು ಹೇಳು, ಯಾವುದಿದು?" ಎಂದೆ. ಐದು ಸಲದಲ್ಲಿ ಎರಡು ಸಲ ಸರಿ ಹೇಳಿದ. ನಾಣ್ಯ ಚಿಮ್ಮಿದರೂ ಅಷ್ಟು ಸಿಗುತ್ತದೆ. ಟಿವಿಯಿಂದ 3 ಅಡಿಗೆ ಕುರ್ಚಿ ಎಳೆದು ಕೂರಿಸಿದಾಗ ಐದಕ್ಕೆ ಐದೂ ಸರಿ! ಅವನ ಕಣ್ಣಿನಲ್ಲಿ ದೋಷವೇನಿಲ್ಲ. ಎರಡು ಚುಕ್ಕೆಗಳ ನಡುವೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಕೋನವಾದರೂ ಇದ್ದರೆ ಮಾತ್ರ ಸಾಮಾನ್ಯ ಕಣ್ಣಿಗೆ ಅವು ಬೇರೆ ಬೇರೆಯಾಗಿ ಕಾಣುತ್ತವೆ. 43 ಇಂಚಿನ ಪರದೆಯಲ್ಲಿ 1080ಪಿಯ ಒಂದು ಪಿಕ್ಸೆಲ್, ಅಂದರೆ ಒಂದು ಚುಕ್ಕೆ, ಸುಮಾರು ಅರ್ಧ ಮಿಲಿಮೀಟರ್. ಐದೂವರೆ ಅಡಿ ಹಿಂದೆ ಸರಿದರೆ ಅದು ಆ ಮಿತಿಯೊಳಗೆ ಅಡಗಿಬಿಡುತ್ತದೆ. 4ಕೆ ಎಂದರೆ 20 ಲಕ್ಷದ ಬದಲು 83 ಲಕ್ಷ ಪಿಕ್ಸೆಲ್. ಕನ್ಸೋಲ್ ಬೆವರು ಸುರಿಸಿ ಬಿಡಿಸಿದ ಆ ಹೆಚ್ಚಿನ ಚುಕ್ಕೆಗಳು ಅಕ್ಕನ ಮನೆಯ ಸೋಫಾವರೆಗೆ ತಲುಪುವುದೇ ಇಲ್ಲ. ಪ್ಲೇಸ್ಟೇಷನ್ 5 ಬಿಡುಗಡೆಯಾದಾಗ ಅದರ ಡಬ್ಬದ ಮೇಲೆ ಇನ್ನೂ ಹೆಚ್ಚು ಚುಕ್ಕೆಗಳ 8ಕೆ ಎಂದೂ ಅಚ್ಚಾಗಿತ್ತು!

ಇಷ್ಟು ಹೇಳಿದ ಕೂಡಲೇ "ಎಲ್ಲಾ ಕಂಪನಿಗಳು ದುಡ್ಡು ಕೀಳುವ ದಾರಿ" ಎನ್ನುವವರು ತಲೆಯಾಡಿಸುತ್ತಾರೆ. ಅದೂ ಅಷ್ಟೇ ಅವಸರದ ಮಾತು. ಸೆಕೆಂಡಿಗೆ 30 ಚಿತ್ರವೋ 60 ಚಿತ್ರವೋ ಎಂಬುದನ್ನು ಅದೇ ಹುಡುಗ ಅದೇ ಸೋಫಾದಲ್ಲಿ ಕೂತು, ಕಂಟ್ರೋಲರ್ ಕೈಗೆ ಬಂದ ಕ್ಷಣದಲ್ಲೇ, ಒಂದು ಸಲವೂ ತಪ್ಪದೆ ಹೇಳಿದ. ಒಂದು ಚಿತ್ರದಿಂದ ಮುಂದಿನದಕ್ಕೆ 33 ಮಿಲಿಸೆಕೆಂಡ್ ಇದ್ದದ್ದು 17ಕ್ಕೆ ಇಳಿದರೆ ಹೆಬ್ಬೆರಳಿಗೆ ಗೊತ್ತಾಗುತ್ತದೆ. ಅಷ್ಟು ಬೇಗ ಬೇಗ ಚಿತ್ರ ಬರಬೇಕಾದರೆ ಪ್ರೊಸೆಸರ್ ಕೂಡ ಚುರುಕಾಗಿರಬೇಕು. 2013ರ ಕನ್ಸೋಲ್‌ನ ಪ್ರೊಸೆಸರ್ ಆಗಲೇ ಬಡಕಲು, 1.6 ಗಿಗಾಹರ್ಟ್ಸ್‌ನದು; 2020ರದು 3.5ರವರೆಗೆ ಓಡುತ್ತದೆ.

ಇನ್ನು ನನಗೆ ನಿಜವಾಗಿ ಖುಷಿ ಕೊಡುವ ವಿಷಯಕ್ಕೆ ಬರುತ್ತೇನೆ. ಹಳೆ ಕನ್ಸೋಲ್‌ಗೆ ಕಿವಿಗೊಟ್ಟು ಕೇಳಿ. ಆಟ ಲೋಡ್ ಆಗುವಾಗ ಒಳಗಿಂದ ಕಿಟಿ ಕಿಟಿ ಸದ್ದು ಬರುತ್ತದೆ. ಅದು ಹಾರ್ಡ್ ಡಿಸ್ಕ್. ಗ್ರಾಮಫೋನ್ ತಟ್ಟೆಯಂತೆ ಒಂದು ತಟ್ಟೆ ನಿಮಿಷಕ್ಕೆ 5400 ಸುತ್ತು ತಿರುಗುತ್ತಿರುತ್ತದೆ. ಮುಳ್ಳಿನಂಥ ಒಂದು ಕಡ್ಡಿ ಆ ಕಡೆ ಈ ಕಡೆ ಜಿಗಿದು ಬೇಕಾದ ಸಾಲನ್ನು ಹಿಡಿಯುತ್ತದೆ. ಸಾಲು ಸಿಕ್ಕರೂ ಕೆಲಸ ಮುಗಿಯಲಿಲ್ಲ, ಬೇಕಾದ ತುಣುಕು ತಿರುಗಿ ಮುಳ್ಳಿನ ಕೆಳಗೆ ಬರಬೇಕು. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಹುಡುಕಾಟ, ಕಾಯುವಿಕೆ ಎರಡೂ ಸೇರಿದರೆ ಸೆಕೆಂಡಿಗೆ 60 ಚಿತ್ರ ಬಿಡಿಸಬೇಕಾದ ಯಂತ್ರಕ್ಕೆ ಒಂದು ಚಿತ್ರದ ಗಡುವೇ ಮೀರಿಹೋಗುತ್ತದೆ.

ಮದುವೆ ಮನೆಯ ಅಡುಗೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಟೆರಾಫ್ಲಾಪ್ ಎಂದರೆ ಒಲೆ. ರ್‍ಯಾಮ್ ಎಂದರೆ ಸದ್ಯಕ್ಕೆ ಬೇಕಾದದ್ದನ್ನು ಇಟ್ಟುಕೊಳ್ಳುವ ಮೆಮೊರಿ, ಭಟ್ಟರ ಕೈಗೆಟುಕುವ ಕಟ್ಟೆ. ಹಾರ್ಡ್ ಡಿಸ್ಕ್ ಎಂದರೆ ಊರಾಚೆಯ ಉಗ್ರಾಣ. ಅಲ್ಲಿಗೆ ಹೋಗಿಬರಲು ಒಬ್ಬ ಹುಡುಗ, ಒಂದು ಸೈಕಲ್. ಬೆಲ್ಲಕ್ಕೊಂದು ಸಲ, ಇಂಗಿಗೊಂದು ಸಲ ಅವನನ್ನು ಓಡಿಸಿದರೆ ಒಲೆ ಎಷ್ಟು ದೊಡ್ಡದಿದ್ದರೇನು, ಪಂಕ್ತಿಯಲ್ಲಿ ಕೂತವರು ಖಾಲಿ ಎಲೆ ನೋಡುತ್ತಿರಬೇಕು. ಅದಕ್ಕೇ ಜಾಣ ಭಟ್ಟರು ಹುಳಿಗೊಂದು ಗಂಟು, ಪಲ್ಯಕ್ಕೊಂದು ಗಂಟು ಮೊದಲೇ ಕಟ್ಟಿಸಿಡುತ್ತಾರೆ. ಪ್ರತಿ ಗಂಟಿನಲ್ಲೂ ಅದರದೇ ಉಪ್ಪಿನ ಪೊಟ್ಟಣ. ಉಪ್ಪು ಹತ್ತು ಕಡೆ ಇರುತ್ತದೆ, ಆದರೆ ಹುಡುಗ ಒಂದೇ ಸಲ ಹೋಗಿಬರುತ್ತಾನೆ.

ಆಟ ಕಟ್ಟುವವರೂ ಅಕ್ಷರಶಃ ಇದನ್ನೇ ಮಾಡಿದರು. 2018ರ ಸ್ಪೈಡರ್‌ಮ್ಯಾನ್ ಆಟದಲ್ಲಿ ಮ್ಯಾನ್‌ಹಾಟನ್ ನಗರವನ್ನು ತುಂಡು ತುಂಡಾಗಿಸಿ, ಒಂದೊಂದು ತುಂಡಿಗೆ ಬೇಕಾದ ಸಾಮಾನನ್ನೆಲ್ಲ ಡಿಸ್ಕ್‌ನಲ್ಲಿ ಒತ್ತಟ್ಟಿಗೆ ಇಟ್ಟಿದ್ದರು. ಬೀದಿಬದಿಯ ಅಂಚೆಡಬ್ಬಿಯಂಥ ವಸ್ತುಗಳ ಪ್ರತಿ ಹೀಗೆ 400 ಸಲ ಬರೆಯಲ್ಪಟ್ಟಿತ್ತು! ಪ್ಲೇಸ್ಟೇಷನ್ 5ರ ವಿನ್ಯಾಸಕಾರ ಮಾರ್ಕ್ ಸರ್ನಿ 2020ರ ಮಾರ್ಚ್‌ನಲ್ಲಿ ಮಾಡಿದ ಭಾಷಣದಲ್ಲಿ ಇದನ್ನು ವಿವರಿಸಿದ್ದರು.

ಕಾಯುವಿಕೆ ಮೊದಲಿನಿಂದಲೂ ಇದ್ದದ್ದಲ್ಲ. ಆಟವನ್ನು ಚಿಪ್‌ನಲ್ಲಿ ತುಂಬಿಕೊಡುತ್ತಿದ್ದ ಕಾರ್ಟ್ರಿಜ್ ಕಾಲದಲ್ಲಿ ಸಿಕ್ಕಿಸಿದರೆ ಆಟ ಶುರು. 1994ರಲ್ಲಿ ಬಂದ ಮೊದಲ ಪ್ಲೇಸ್ಟೇಷನ್ ಸಿಡಿಗೆ ಹೋಯಿತು: ಜಾಗ 650 ಎಂಬಿ, ವೇಗ ಮಾತ್ರ ಸೆಕೆಂಡಿಗೆ 300 ಕೆಬಿ. ಪೈಪೋಟಿಯ ಕಂಪನಿ ನಿಂಟೆಂಡೊ 1996ರ ತನ್ನ ಕನ್ಸೋಲ್ ಎನ್64ನಲ್ಲಿ ಕಾರ್ಟ್ರಿಜ್ಜನ್ನೇ ನೆಚ್ಚಿಕೊಂಡಿತು. ಅಲ್ಲಿ ವೇಗವಿತ್ತು, ಜಾಗವಿರಲಿಲ್ಲ. ಅತಿ ದೊಡ್ಡ ಕಾರ್ಟ್ರಿಜ್ ಕೂಡ 64 ಎಂಬಿ. ಮೂರು ಸಿಡಿ ತುಂಬುವ ಫೈನಲ್ ಫ್ಯಾಂಟಸಿ 7 ಎಂಬ ಆಟ ಪ್ಲೇಸ್ಟೇಷನ್ ಮಾಡುವ ಸೋನಿ ಪಾಲಾಯಿತು. ಅಂದಿನಿಂದ ಆಟಗಳ ವಾಸ್ತುವನ್ನೇ ಡಿಸ್ಕ್ ತೀರ್ಮಾನಿಸತೊಡಗಿತು. ರೆಸಿಡೆಂಟ್ ಈವಿಲ್‌ನಲ್ಲಿ ಬಾಗಿಲು ಮೆಲ್ಲಗೆ ಕಿರ್ರೆಂದು ತೆರೆದುಕೊಳ್ಳುವಷ್ಟರಲ್ಲಿ ಒಳಗೆ ಮುಂದಿನ ಕೋಣೆ ಲೋಡ್ ಆಗುತ್ತಿತ್ತು. ಭಯವೂ ಹುಟ್ಟಿತು, ಹೊತ್ತೂ ಸಿಕ್ಕಿತು. ಕ್ರ್ಯಾಶ್ ಬ್ಯಾಂಡಿಕೂಟ್ ಕಟ್ಟಿದ ಆಂಡಿ ಗ್ಯಾವಿನ್, ಸಿಡಿಯಿಂದ 64 ಕೆಬಿ ಗಾತ್ರದ ತುಣುಕುಗಳನ್ನು ಆಟ ನಡೆಯುತ್ತಿರುವಾಗಲೇ 2 ಎಂಬಿ ಮೆಮೊರಿಯೊಳಗೆ ತಂದು ಹಾಕುವ ದಾರಿ ಕಂಡುಕೊಂಡರು. ಲೋಡ್ ಆಗುವ ಹೊತ್ತನ್ನು ಮರೆಮಾಚಲು ಆಟಗಳಲ್ಲಿ ನಿಧಾನವಾದ ಲಿಫ್ಟು, ಇಕ್ಕಟ್ಟಿನ ಬಂಡೆಸಂದಿ, ಡೊಂಕು ಓಣಿ ಹೀಗೆಯೇ ಹೆಚ್ಚಿದವು.

ಆ 2 ಎಂಬಿಯನ್ನು ನೆನಪಿಡಿ. ಮುಂದಿನ ಪ್ಲೇಸ್ಟೇಷನ್‌ಗೆ 32 ಎಂಬಿ, ಅದರ ಮುಂದಿನದಕ್ಕೆ ಒಟ್ಟು 512 ಎಂಬಿ, ನಾಲ್ಕನೆಯದಕ್ಕೆ 8 ಜಿಬಿ. ಪ್ರತಿ ತಲೆಮಾರಿಗೂ ಸರಿಯಾಗಿ 16 ಪಟ್ಟು. ಐದನೆಯದರಲ್ಲಿ? 16 ಜಿಬಿ, ಎರಡೇ ಪಟ್ಟು. ಜಿಪುಣತನದಂತೆ ಕಂಡರೂ ಇಡೀ ವಿನ್ಯಾಸದ ಗುಟ್ಟು ಇಲ್ಲೇ ಇದೆ. ಉಗ್ರಾಣ ಊರಾಚೆ ಇದ್ದಾಗ ಮುಂದಿನ ಅರ್ಧ ನಿಮಿಷದ ಆಟಕ್ಕೆ ಬೇಕಾದದ್ದನ್ನೆಲ್ಲ ಕಟ್ಟೆಯ ಮೇಲೆ ಪೇರಿಸಿಡಬೇಕಿತ್ತು. ಪ್ಲೇಸ್ಟೇಷನ್ 5ರ ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ, ಇರುವುದು ಬರೀ ಚಿಪ್‌ಗಳು; ಸೆಕೆಂಡಿಗೆ 5.5 ಜಿಬಿ ಬರುತ್ತದೆ. ಹಾರ್ಡ್ ಡಿಸ್ಕ್‌ನಿಂದ 1 ಜಿಬಿ ತರಲು ಸುಮಾರು 20 ಸೆಕೆಂಡ್ ಹಿಡಿಯುತ್ತಿದ್ದರೆ, ಇಲ್ಲಿ 2 ಜಿಬಿಗೆ ಅರ್ಧ ಸೆಕೆಂಡೂ ಬೇಡ. ಉಗ್ರಾಣ ಒಲೆಯ ಪಕ್ಕಕ್ಕೇ ಬಂದಮೇಲೆ ಕಟ್ಟೆ ಎಷ್ಟು ದೊಡ್ಡದು ಬೇಕು? ಸಂಕುಚಿತಗೊಳಿಸಿದ ದತ್ತಾಂಶವನ್ನು ಬಿಡಿಸಲೆಂದೇ ಅದರಲ್ಲಿ ಪ್ರತ್ಯೇಕ ಸರ್ಕ್ಯೂಟ್ ಇದೆ. ಗಂಟು ಬಿಚ್ಚಲು ಭಟ್ಟರು ಒಲೆ ಬಿಟ್ಟು ಏಳಬೇಕಿಲ್ಲ.

ಆದರೂ ಮೊದಲ ಎರಡು ವರ್ಷ ಈ ಲಾಭ ಆಟಗಾರರಿಗೆ ಪೂರ್ತಿ ಕಾಣಲಿಲ್ಲ ಎಂಬ ದೂರು ನ್ಯಾಯವಾದದ್ದೇ. 2022ರ ಗಾಡ್ ಆಫ್ ವಾರ್ ರಾಗ್ನರಾಕ್ ಕೂಡ ಹಳೆ ಕನ್ಸೋಲ್‌ಗೂ ಬಂತು. ಎರಡರಲ್ಲೂ ಓಡಬೇಕಾದ ಆಟವನ್ನು ನಿಧಾನದ ಡಿಸ್ಕಿಗೆ ತಕ್ಕಂತೆಯೇ ಕಟ್ಟಬೇಕು. 2021ರ ರ್‍ಯಾಚೆಟ್ ಆ್ಯಂಡ್ ಕ್ಲಾಂಕ್ ರಿಫ್ಟ್ ಅಪಾರ್ಟ್ ಹೊಸದಕ್ಕಷ್ಟೇ ಮಾಡಿದ್ದು. ಅದರಲ್ಲಿ ಒಂದು ಬಿರುಕಿನೊಳಗೆ ಹಾರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬೇರೆ ಲೋಕ. ಎರಡು ವರ್ಷದ ಬಳಿಕ ಅದು ಕಂಪ್ಯೂಟರ್‌ಗೆ ಬಂದಾಗ ಕೆಲವರು ಹಾರ್ಡ್ ಡಿಸ್ಕ್‌ನಲ್ಲೂ ಓಡಿಸಿ ನೋಡಿದರು. ಓಡಿತು, ಆದರೆ ಲೋಕದಿಂದ ಲೋಕಕ್ಕೆ ಜಿಗಿಯುವಲ್ಲಿ ತಡವರಿಸಿತು.

"ಹಾಗಾದ್ರೆ ಹಳೇದನ್ನ ಏನ್ ಮಾಡೋದು?" ಎಂದು ಅಕ್ಕ ಕೇಳಿದಳು. ಅದರ ಹಾರ್ಡ್ ಡಿಸ್ಕ್ ಬಿಚ್ಚಲು ಒಂದು ಸ್ಕ್ರೂಡ್ರೈವರ್ ಸಾಕು. ನಾನೂ ಅವನೂ ಕೂತು ಎಸ್‌ಎಸ್‌ಡಿ ಹಾಕಿದೆವು. ಕಿಟಿ ಕಿಟಿ ನಿಂತಿತು, ಲೋಡ್ ಆಗಲು ಹಿಡಿಯುತ್ತಿದ್ದ ಹೊತ್ತು ತಕ್ಕಮಟ್ಟಿಗೆ ಇಳಿಯಿತು. ಹೊಸದರಷ್ಟಲ್ಲ, ಯಾಕೆಂದರೆ ತಂದದ್ದನ್ನು ಆಟಕ್ಕೆ ಅಣಿಮಾಡುವುದು ಅದೇ ಬಡಕಲು ಪ್ರೊಸೆಸರ್. ಆಮೇಲೆ ಅವನು ತನ್ನ ಹಳೆಯ ಸಾಹಸದ ಆಟ ಹಾಕಿದ. ಬಂಡೆಗಳ ನಡುವಿನ ಸಂದಿ ಬಂತು. ಕಥಾನಾಯಕ ಮೊದಲಿನ ಹಾಗೇ ಅಡ್ಡ ತಿರುಗಿ, ಹೊಟ್ಟೆ ಒಳಗೆಳೆದುಕೊಂಡು, ಒಂದೊಂದೇ ಹೆಜ್ಜೆ ಸರಿಯುತ್ತ ಹೋದ. "ಮಾಮ, ಡಿಸ್ಕ್ ಫಾಸ್ಟ್ ಆಯ್ತಲ್ಲ, ಇವನ್ಯಾಕಿನ್ನೂ ಮೆಲ್ಲಗೆ ಹೋಗ್ತಿದಾನೆ?" ಎಂದು ಹುಡುಗ ನನ್ನ ಮುಖ ನೋಡಿದ.