ಪದ ಪರಿಚಯ: ಕಲಿಕಾ ಅಂತರ

ಒಂದು ತರಗತಿಯ ಪಠ್ಯವು ವಿದ್ಯಾರ್ಥಿಗೆ ಆಗಲೇ ತಿಳಿದಿದೆ ಎಂದು ಇಟ್ಟುಕೊಂಡು ಮುಂದುವರಿಯುವುದಕ್ಕೂ ಆ ವಿದ್ಯಾರ್ಥಿಗೆ ನಿಜವಾಗಿ ತಿಳಿದಿರುವುದಕ್ಕೂ ನಡುವಿನ ದೂರವೇ ಕಲಿಕಾ ಅಂತರ. ಐದನೆಯ ತರಗತಿಯಲ್ಲಿ ಭಿನ್ನರಾಶಿ ಕೈಹತ್ತದ ಹುಡುಗಿ ಎಂಟನೆಯಲ್ಲಿ ಸಮೀಕರಣದ ಮುಂದೆ ಕುಳಿತಾಗ, ಆ ದಿನದ ಪಾಠದ ಜೊತೆಗೆ ಮೂರು ವರ್ಷಗಳ ಬಾಕಿಯೂ ಅವಳ ಮೇಲೆ ಬೀಳುತ್ತದೆ. ಟ್ಯೂಷನ್ನಿಗೆ ಹಣ ಹೊಂದಿಸಬಲ್ಲ ಮನೆ ಈ ಬಾಕಿಯನ್ನು ತೀರಿಸಿಕೊಂಡೀತು. ಬೀಡಿ ಕಟ್ಟಿ, ತೋಟದ ಕೂಲಿ ಮಾಡಿ ದಿನ ದೂಡುವ ಮನೆಯಲ್ಲಿ ಅದು ಬೆಳೆಯುತ್ತಲೇ ಹೋಗುತ್ತದೆ.

ಫಲಿತಾಂಶದ ಪಟ್ಟಿಯಲ್ಲಿ ಇದು ಕಾಣುವುದಿಲ್ಲ. ಕೇರಳದಲ್ಲಿ ಎಸ್ಸೆಸ್ಸೆಲ್ಸಿ ತೇರ್ಗಡೆಯ ಪ್ರಮಾಣ ಕೆಲವು ವರ್ಷಗಳಿಂದ ಶೇಕಡಾ 99ನ್ನು ದಾಟಿದೆ. 2024-25ರಲ್ಲಿ ಎಂಟನೆಯ ತರಗತಿಯಿಂದ ಮೊದಲುಗೊಂಡು ಪ್ರತಿ ವಿಷಯದ ಲಿಖಿತ ಪರೀಕ್ಷೆಗೆ ಶೇಕಡಾ 30ರ ಕನಿಷ್ಠ ಅಂಕವನ್ನು ಸರ್ಕಾರ ನಿಗದಿ ಮಾಡಿದ್ದು ಈ ಮರೆಯನ್ನು ಸರಿಸುವುದಕ್ಕಾಗಿಯೇ.

ಅದೇ ಕೇರಳದ ಗಡಿ ಜಿಲ್ಲೆ ಕಾಸರಗೋಡಿನ ಕನ್ನಡ ಮಾಧ್ಯಮ ಹೈಸ್ಕೂಲುಗಳಲ್ಲಿ ಈ ಪದಕ್ಕೆ ಇನ್ನೊಂದು ಪದರವಿದೆ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುವ ಮಗು ಜೀವಶಾಸ್ತ್ರದ ಪುಸ್ತಕದಲ್ಲಿ 'ದ್ಯುತಿಸಂಶ್ಲೇಷಣೆ' ಎಂದು ಓದುತ್ತದೆ; ಕನ್ನಡ ಬಾರದ ಅಧ್ಯಾಪಕರು ನೇಮಕಗೊಂಡು ಬಂದಿದ್ದರೆ ಅದನ್ನೇ ಮಲಯಾಳದಲ್ಲಿ 'ಪ್ರಕಾಶಸಂಶ್ಲೇಷಣಂ' ಎಂದು ಕೇಳುತ್ತದೆ; ಪ್ಲಸ್ ವನ್ನಿಗೆ, ಅಂದರೆ ಹನ್ನೊಂದನೆಯ ತರಗತಿಗೆ, ಹೋದ ಮೇಲೆ ಅದು 'ಫೋಟೋಸಿಂಥೆಸಿಸ್' ಆಗುತ್ತದೆ. ಎಲೆ ಬಿಸಿಲಿನಿಂದ ಆಹಾರ ತಯಾರಿಸುವ ಬಗೆ ಆ ಮಗುವಿಗೆ ಚೆನ್ನಾಗಿಯೇ ಗೊತ್ತಿರಬಹುದು, ಆದರೆ ಪ್ರಶ್ನೆ ಯಾವ ಹೆಸರಿನಲ್ಲಿ ಬಂತೆಂಬುದು ತಿಳಿಯದೆ ಉತ್ತರದ ಜಾಗ ಖಾಲಿ ಉಳಿಯುತ್ತದೆ. ಇಂಥಲ್ಲಿ ಭಾಷೆಯ ಅಂತರವೇ ವಿಷಯದ ಅಂತರವೆಂದು ಲೆಕ್ಕಕ್ಕೆ ಬರುತ್ತದೆ. ಆದುದರಿಂದ 'ಹಿಂದುಳಿದ ಮಗು' ಎಂಬ ಮಾತನ್ನು ನಾನು ಒಪ್ಪಲಾರೆ. ಅಂತರವೆಂದರೆ ಎರಡು ತುದಿಗಳಿರಬೇಕು, ಅದರಲ್ಲಿ ಒಂದು ತುದಿ ಶಾಲೆಯದು. ಕನ್ನಡ ಬಲ್ಲ ಅಧ್ಯಾಪಕರೇ ಬೇಕೆಂದು ಇಲ್ಲಿನ ಪೋಷಕರು ಮತ್ತೆ ಮತ್ತೆ ಬೀದಿಗಿಳಿದದ್ದು ಶಾಲೆಯ ಈ ತುದಿಯನ್ನು ಕುರಿತೇ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಬೋಧನೆಯ ಸೌಕರ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿ, ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿಯೇ ಸೇರಿದರೂ, ಪ್ರಾಥಮಿಕ ಹಂತವನ್ನಷ್ಟೇ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಎಂಟನೆಯ ತರಗತಿಗೆ ನಿಲ್ಲುತ್ತದೆ. ಬಾಕಿ ಅತಿ ಹೆಚ್ಚಾಗಿ ಕೂಡಿಕೊಂಡಿರುವ ಒಂಬತ್ತು ಮತ್ತು ಹತ್ತನೆಯ ತರಗತಿಗಳು ಈ ಎರಡರ ಆಚೆಗೆ ಉಳಿದಿವೆ.